‘ವಿಡಿಯಾ’ ಎಂಬ ಹೆಸರು

ಉಕ್ಕಿನ ತಗಡಿನಲ್ಲಿ ದುಂಡಾದ ರಂಧ್ರವನ್ನು ಕೊರೆಯುವ ಬಟ್ಟಲಿನಾಕಾರದ ಗರಗಸದ ಹಲ್ಲುಗಳಿಗೆ ಬೆಸೆದಿರುವ ಕಾರ್ಬೈಡಿನ ತುಣುಕನ್ನು ನಮ್ಮ ಕಾರ್ಯಾಗಾರಗಳಲ್ಲಿ ‘ವಿಡಿಯಾ’ ಎನ್ನುವುದುಂಟು. ಈ ವಸ್ತುವು ಮೊದಲು ಹುಟ್ಟಿದುದು ಲೋಹವನ್ನು ಕೊರೆಯುವುದಕ್ಕಾಗಿ ಅಲ್ಲ. ವಿದ್ಯುದ್ದೀಪದ ಟಂಗ್‌ಸ್ಟನ್ ತಂತಿಯನ್ನೆಳೆಯುವ ಅಚ್ಚುಗಳಿಗೆ ವಜ್ರ ಬೇಕಾಗುತ್ತಿತ್ತು. ಮೊದಲನೆಯ ಮಹಾಯುದ್ಧಾನಂತರದ ಜರ್ಮನಿಗೆ ಅದು ದುಬಾರಿಯಾಯಿತು. ಟಂಗ್‌ಸ್ಟನ್ ಕಾರ್ಬೈಡಿನ ಕಾಠಿನ್ಯವನ್ನು ಫ್ರಾನ್ಸಿನ ಆನ್ರಿ ಮುವಾಸಾನ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ಅರಿತಿದ್ದನು. ಆದರೆ ಅದು ಸುಲಭವಾಗಿ ಒಡೆಯುತ್ತಿತ್ತು. 1923ರಲ್ಲಿ ಬರ್ಲಿನ್ನಿನ ಓಸ್ರಾಮ್ ಸಂಸ್ಥೆಯ ಕಾರ್ಲ್ ಶ್ರೋಟರನು ಅದರ ಪುಡಿಗೆ ಕೋಬಾಲ್ಟನ್ನು ಬೆರೆಸಿ, ಒತ್ತಿ, ಕಾಯಿಸಿ ಒಂದುಗೂಡಿಸಿದನು. ಕ್ರುಪ್ ಸಂಸ್ಥೆಯು 1927ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ಪ್ರದರ್ಶಿಸಿದ ಈ ವಸ್ತುವಿನ ಹೆಸರು, ‘ವಜ್ರದಂತೆ’ ಎಂಬ ಜರ್ಮನ್ ಮಾತಿನ ಸಂಕ್ಷೇಪ. ಹೆಸರೇನೋ ಕಾಠಿನ್ಯವನ್ನೇ ಸಾರುತ್ತದೆ. ಶ್ರೇಯಸ್ಸು ಕೋಬಾಲ್ಟಿನ ಬಂಧಕ ಗುಣಕ್ಕೆ ಸಲ್ಲತಕ್ಕುದೆಂದು ನಮ್ಮ ಅಭಿಪ್ರಾಯ. ಹಾಗಿದ್ದರೂ ಹಳೆಯ ದೋಷವು ಪೂರ್ತಿಯಾಗಿ ತೊಲಗಿಲ್ಲ: ಕೊರೆಯುವಾಗ ಕೈ ಅಲುಗಿದರೆ ಹಲ್ಲು ಇಂದಿಗೂ ಸಿಡಿಯುತ್ತದೆ.