ಅಲ್ಬುಮಿನ್ ಹಿಡಿದ ಬಣ್ಣಗಳು

ಹರ್ತಿಯಿಂದಲೋ ಶಿರಹಟ್ಟಿ, ಮುಂಡರಗಿ ಕಡೆಯಿಂದಲೋ ಕಾಲಿಗೆ ಬಾವು ಬಂದವರು, ಮುಖ ಊದಿಕೊಂಡ ಮಕ್ಕಳನ್ನು ಕರೆತಂದವರು ಗದಗಿನ ಆಸ್ಪತ್ರೆಗೆ ಬಂದರೆ ವೈದ್ಯರು ಬರೆದುಕೊಡುವ ಪರೀಕ್ಷೆಗಳಲ್ಲಿ ರಕ್ತದ ಪ್ರೋಟೀನಿನದೂ ಒಂದು. ಕೈಗೆ ಬರುವ ರಿಪೋರ್ಟಿನಲ್ಲಿ ಸಾಮಾನ್ಯವಾಗಿ ನಾಲ್ಕು ಸಾಲು ಇರುತ್ತವೆ: ಟೋಟಲ್ ಪ್ರೋಟೀನ್, ಅಲ್ಬುಮಿನ್, ಗ್ಲೋಬ್ಯುಲಿನ್, ಎ/ಜಿ ಅನುಪಾತ. ಲ್ಯಾಬಿನಲ್ಲಿ ನಿಜವಾಗಿ ಅಳೆಯುವುದು ಮೊದಲ ಎರಡನ್ನು ಮಾತ್ರ. ಗ್ಲೋಬ್ಯುಲಿನ್ ಕಳೆದು ಪಡೆದದ್ದು, ಅನುಪಾತ ಭಾಗಿಸಿ ಪಡೆದದ್ದು. ಹಾಗಾಗಿ ಅಲ್ಬುಮಿನ್ ತಪ್ಪಿದರೆ ಅದರ ಕೆಳಗಿನ ಎರಡು ಸಾಲೂ ತಪ್ಪುತ್ತವೆ. ಆ ಅಲ್ಬುಮಿನ್ ಅಂಕಿ ಹುಟ್ಟುವುದು ಒಂದು ಬಣ್ಣದಿಂದ. ಬಣ್ಣ ಬದಲಾದರೆ ಅಂಕಿಯೂ ಬದಲಾಗುತ್ತದೆ. ಆದರೆ ಯಾವ ಬಣ್ಣದಿಂದ ಅಳೆದರು ಎಂಬುದು ಎಷ್ಟೋ ರಿಪೋರ್ಟುಗಳಲ್ಲಿ ಇರುವುದೇ ಇಲ್ಲ.

ಪ್ರೋಟೀನಿಗೆ ಬಣ್ಣ ಕಚ್ಚುತ್ತದೆ ಎಂಬುದು ಬೆಟಗೇರಿಯ ನೇಕಾರರಿಗೆ ಹೊಸ ಸುದ್ದಿಯಲ್ಲ. ರೇಷ್ಮೆ ಪ್ರೋಟೀನು, ಹತ್ತಿ ಸೆಲ್ಯುಲೋಸು. ಹುಳಿ ಸೇರಿಸಿದ ಬಿಸಿನೀರಿನಲ್ಲಿ ಆಸಿಡ್ ಬಣ್ಣ ಕರಗಿಸಿ ರೇಷ್ಮೆ ಲಡಿಯನ್ನು ಅದ್ದಿದರೆ ಬಣ್ಣ ಗಟ್ಟಿಯಾಗಿ ಹಿಡಿಯುತ್ತದೆ. ಹತ್ತಿ ಲಡಿಯನ್ನು ಅದ್ದಿದರೆ ತೊಳೆದಾಗ ಬಹುಪಾಲು ಬಿಟ್ಟುಹೋಗುತ್ತದೆ. ಆಮ್ಲದಲ್ಲಿ ಪ್ರೋಟೀನಿನ ಮೇಲೆ ಧನ ವಿದ್ಯುದಂಶ ಹೆಚ್ಚುತ್ತದೆ. ಬಣ್ಣದ ಅಣುವಿನದು ಋಣ. ಎರಡೂ ಒಂದನ್ನೊಂದು ಸೆಳೆಯುತ್ತವೆ. ಪ್ರಯೋಗಾಲಯದ ಗಾಜಿನ ನಳಿಗೆಯಲ್ಲೂ ನಡೆಯುವುದು ಇದೇ.

ಆರಂಭ ಡೆನ್ಮಾರ್ಕಿನಲ್ಲಿ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಯೊಹಾನ್ ಕೆಲ್ಡಾಲ್ 1883ರಲ್ಲಿ ಪ್ರೋಟೀನಿನ ಸಾರಜನಕವನ್ನು ಅಳೆಯುವ ವಿಧಾನ ಪ್ರಕಟಿಸಿದರು. ಮಾದರಿಯನ್ನು ಗಂಧಕಾಮ್ಲದಲ್ಲಿ ಕುದಿಸಿ, ಬಂದ ಸಾರಜನಕವನ್ನು 6.25ರಿಂದ ಗುಣಿಸಿದರೆ ಪ್ರೋಟೀನ್ ಎಷ್ಟಿತ್ತೆಂಬ ಅಂದಾಜು ಸಿಗುತ್ತದೆ. ನಂಬಬಹುದಾದ ವಿಧಾನ, ಆದರೆ ಬಹಳ ನಿಧಾನ. ಅವರ ನಂತರ ಅದೇ ಪ್ರಯೋಗಾಲಯದಲ್ಲಿ ಅವರ ಹೊಣೆ ಹೊತ್ತ ಸೋರೆನ್‌ಸನ್ 1909ರಲ್ಲಿ ಪಿಎಚ್ ಅಳತೆಯನ್ನು ಜಗತ್ತಿಗೆ ಕೊಟ್ಟರು. ಬಣ್ಣ ಬದಲಿಸುವ ಸೂಚಕಗಳಿಂದ ಪಿಎಚ್ ಅಳೆಯುವಾಗ ಅವರಿಗೊಂದು ತೊಡಕು ಎದುರಾಯಿತು. ದ್ರಾವಣದಲ್ಲಿ ಪ್ರೋಟೀನ್ ಇದ್ದರೆ ಪಿಎಚ್ ಕದಲದಿದ್ದರೂ ಸೂಚಕದ ಬಣ್ಣ ಕದಲುತ್ತಿತ್ತು. ಇದಕ್ಕೆ ‘ಪ್ರೋಟೀನ್ ದೋಷ’ ಎಂಬ ಹೆಸರು ಬಿತ್ತು. ಪಿಎಚ್ ಅಳೆಯುವವರಿಗೆ ದೋಷವಾಗಿದ್ದ ಇದೇ ಗುಣವನ್ನು ಪ್ರೋಟೀನ್ ಅಳೆಯುವವರು ಮುಂದೆ ಸಾಧನವಾಗಿ ಮಾಡಿಕೊಂಡರು.

ಒಟ್ಟು ಪ್ರೋಟೀನಿನ ಮಟ್ಟಿಗೆ ಬಣ್ಣದ ಅಗತ್ಯ ಅಷ್ಟಾಗಿ ಬೀಳಲಿಲ್ಲ. ತಾಮ್ರದ ಕ್ಷಾರ ದ್ರಾವಣ ಪ್ರೋಟೀನಿನೊಡನೆ ನೇರಳೆಯಾಗುವ ಬಯುರೆಟ್ ವಿಧಾನವನ್ನು ಗೊರ್ನಾಲ್, ಬಾರ್ಡವಿಲ್ ಮತ್ತು ಡೇವಿಡ್ 1949ರಲ್ಲಿ ಗಟ್ಟಿಗೊಳಿಸಿದರು. ಅದು ಇಂದಿಗೂ ಬಳಕೆಯಲ್ಲಿದೆ. ಕಷ್ಟವಿದ್ದದ್ದು ಅಲ್ಬುಮಿನನ್ನು ಉಳಿದವುಗಳಿಂದ ಬೇರ್ಪಡಿಸಿ ಅಳೆಯುವುದರಲ್ಲಿ. 1921ರಲ್ಲಿ ಹೋವ್ ತೋರಿಸಿದ ದಾರಿಯಲ್ಲಿ ಸೋಡಿಯಂ ಸಲ್ಫೇಟ್ ಹಾಕಿ ಗ್ಲೋಬ್ಯುಲಿನ್‌ಗಳನ್ನು ಕೆಳಗಿಳಿಸಿ, ಸೋಸಿ, ಉಳಿದ ತಿಳಿಯಲ್ಲಿ ಅಲ್ಬುಮಿನ್ ಅಳೆಯಬೇಕಿತ್ತು. ಸೋಸಿದ ಮೇಲೂ ಒಂದಿಷ್ಟು ಗ್ಲೋಬ್ಯುಲಿನ್ ತಿಳಿಯಲ್ಲೇ ಉಳಿಯುತ್ತಿತ್ತು. 1937ರಲ್ಲಿ ಸ್ವೀಡನ್ನಿನ ಟಿಸೆಲಿಯಸ್ ವಿದ್ಯುತ್ ಹಾಯಿಸಿ ಪ್ರೋಟೀನುಗಳನ್ನು ಬಿಡಿಸಿದಾಗ ಈ ತಪ್ಪು ಎಷ್ಟು ದೊಡ್ಡದೆಂದು ಅಳೆಯಲು ಸಾಧ್ಯವಾಯಿತು. ಆದರೆ ಆ ಯಂತ್ರ ದಿನನಿತ್ಯದ ರೋಗಿಗಳಿಗೆ ಒದಗುವಂಥದ್ದಾಗಿರಲಿಲ್ಲ.

ಅಲ್ಬುಮಿನಿಗೆ ಇಷ್ಟು ಮಹತ್ವ ಏಕೆ? ಅದನ್ನು ತಯಾರಿಸುವುದು ಲಿವರ್. ರಕ್ತನಾಳದೊಳಗೆ ನೀರನ್ನು ಹಿಡಿದಿಡುವ ಸೆಳೆತದ ಬಹುಪಾಲು ಇದರದೇ. ಆರೋಗ್ಯವಂತ ವಯಸ್ಕರಲ್ಲಿ ಡೆಸಿಲೀಟರಿಗೆ 3.5ರಿಂದ 5 ಗ್ರಾಂ ಇರುತ್ತದೆ. ಲಿವರ್ ಸೋತರೆ, ಕಿಡ್ನಿ ಸೋರಿದರೆ, ಸೋಂಕು ಬಹುಕಾಲ ಕಾಡಿದರೆ ಅದು ಇಳಿಯುತ್ತದೆ. ತೀರಾ ಇಳಿದಾಗ ನೀರು ನಾಳದಿಂದ ಹೊರಬಂದು ಬಾವು ಕಾಣಿಸಿಕೊಳ್ಳುತ್ತದೆ. ಇದರ ಇನ್ನೊಂದು ಕೆಲಸ ಸಾಗಣೆ. ಕೊಬ್ಬಿನ ಆಮ್ಲಗಳು, ಬಿಲಿರುಬಿನ್, ಹಲವು ಔಷಧಗಳು ಇದಕ್ಕೆ ಅಂಟಿಕೊಂಡೇ ರಕ್ತದಲ್ಲಿ ಓಡಾಡುತ್ತವೆ. ಬಣ್ಣದ ಅಣುಗಳು ಅಲ್ಬುಮಿನಿಗೆ ಸುಲಭವಾಗಿ ಕೂರುವುದಕ್ಕೂ ಈ ಗುಣವೇ ಕಾರಣ.

1953ರಲ್ಲಿ ಬ್ರ್ಯಾಕನ್ ಮತ್ತು ಕ್ಲೊಟ್ಜ್ ಅಲ್ಬುಮಿನ್ ಅಳೆಯಲು ಮೀಥೈಲ್ ಆರೆಂಜ್ ಬಣ್ಣ ಬಳಸಿದರು. ಮರುವರ್ಷ ರುಟ್‌ಸ್ಟೈನ್ ಮತ್ತು ಸಂಗಡಿಗರು ಹಾಬಾ ಎಂಬ ಬಣ್ಣವನ್ನು ತಂದರು. ಅದು ಅಲ್ಬುಮಿನನ್ನೇ ಹುಡುಕಿ ಹಿಡಿಯುತ್ತಿತ್ತು, ಸೋಸುವ ಗೊಡವೆ ಇರಲಿಲ್ಲ. ಆದರೆ ಕಾಮಾಲೆಯವರ ರಕ್ತದಲ್ಲಿ ಬಿಲಿರುಬಿನ್, ಆಸ್ಪಿರಿನ್ ನುಂಗಿದವರ ರಕ್ತದಲ್ಲಿ ಸ್ಯಾಲಿಸಿಲೇಟ್ ಮೊದಲೇ ಜಾಗ ಹಿಡಿದು ಕೂತಿರುತ್ತಿದ್ದವು. ಬಣ್ಣಕ್ಕೆ ಎಡೆ ಸಿಗದೆ ಅಲ್ಬುಮಿನ್ ಕಡಿಮೆ ಕಾಣುತ್ತಿತ್ತು. ಅಲ್ಬುಮಿನ್ ಪರೀಕ್ಷೆ ಯಾರಿಗೆ ಹೆಚ್ಚು ಬೇಕೋ ಆ ಲಿವರ್ ರೋಗಿಗಳಲ್ಲೇ ವಿಧಾನ ಕೈಕೊಡುತ್ತಿತ್ತು.

ಪಟ್ಟು ಹಿಡಿದು ನಿಂತದ್ದು ಬ್ರೋಮೋಕ್ರೆಸಾಲ್ ಗ್ರೀನ್, ಲ್ಯಾಬಿನವರ ಬಾಯಲ್ಲಿ ಬಿಸಿಜಿ. ಆಸ್ಟ್ರೇಲಿಯದಲ್ಲಿ ಬಾರ್ತೊಲೊಮ್ಯು ಮತ್ತು ಡಿಲೇನಿ, ಅಮೆರಿಕದಲ್ಲಿ ರಾಡ್ಕಿ 1960ರ ದಶಕದ ನಡುವಿನಲ್ಲಿ ಅದನ್ನು ಪಳಗಿಸಿದರು. 1971ರಲ್ಲಿ ಡೌಮಸ್, ವಾಟ್ಸನ್ ಮತ್ತು ಬಿಗ್ಸ್ ಬರೆದ ಪ್ರಬಂಧ ಇದಕ್ಕೆ ಖಚಿತ ರೂಪ ಕೊಟ್ಟಿತು: ಪಿಎಚ್ 4.2, ಕದಡದಂತೆ ತಡೆಯಲು ಬ್ರಿಜ್-35 ಎಂಬ ಮಾರ್ಜಕ, 628 ನ್ಯಾನೋಮೀಟರಿನಲ್ಲಿ ಓದು. ಬಿಲಿರುಬಿನ್ ಬೆಳಕು ಹೀರುವುದು ಸುಮಾರು 460ರ ಆಸುಪಾಸಿನಲ್ಲಿ. ಓದುವ ಜಾಗ ಅದರಿಂದ ದೂರ ಸರಿದದ್ದರಿಂದ ಕಾಮಾಲೆಯ ಹಳದಿ ಅಡ್ಡ ಬರುವುದು ಬಹಳ ಕಡಿಮೆಯಾಯಿತು.

ಭಾರತದ ಸಣ್ಣ ಲ್ಯಾಬುಗಳ ಸೆಮಿ-ಆಟೋ ಅನಲೈಸರಿನ ಮುಂದೆ ನಿಂತರೆ ಇಂದಿಗೂ ಕಾಣುವುದು ಇದೇ ವಿಧಾನ. ಒಂದು ಮಿಲಿಲೀಟರ್ ಬಿಸಿಜಿ ರಿಯೇಜೆಂಟಿಗೆ 10 ಮೈಕ್ರೋಲೀಟರ್ ಸೀರಂ ಬಿಡುತ್ತಾರೆ. ಹಳದಿ ಬೆರೆತ ಹಸಿರಾಗಿದ್ದ ದ್ರವ ನೋಡನೋಡುತ್ತಿದ್ದಂತೆ ನೀಲಿಗೆ ವಾಲಿದ ಹಸಿರಾಗುತ್ತದೆ. ಅಲ್ಬುಮಿನ್ ಹೆಚ್ಚಿದ್ದಷ್ಟೂ ಬಣ್ಣ ಗಾಢ. ಅಗ್ಗದ ಕಿಟ್, ಕೆಲವೇ ನಿಮಿಷದ ಕೆಲಸ. ಜಿಲ್ಲೆ, ತಾಲೂಕು ಮಟ್ಟಕ್ಕೆ ಅಲ್ಬುಮಿನ್ ಪರೀಕ್ಷೆಯನ್ನು ಮುಟ್ಟಿಸಿದ್ದು ಈ ಬಣ್ಣವೇ. ಆ ಉಪಕಾರ ಸಣ್ಣದಲ್ಲ.

ಆದರೂ ದೋಷವೊಂದು ಉಳಿದಿತ್ತು. ಬಿಸಿಜಿ ಗ್ಲೋಬ್ಯುಲಿನ್‌ಗಳನ್ನೂ ಹಿಡಿಯುತ್ತದೆ, ನಿಧಾನವಾಗಿ. 1976ರಲ್ಲಿ ಸ್ವೀಡನ್ನಿನ ಗುಸ್ತಾಫ್ಸನ್ ಇದನ್ನು ಸ್ಪಷ್ಟವಾಗಿ ತೋರಿಸಿದರು: ಸೀರಂ ಬೆರೆತ ಮೊದಲ ಕ್ಷಣಗಳ ಬಣ್ಣ ಅಲ್ಬುಮಿನಿನದು, ಆಮೇಲೆ ಏರುತ್ತಾ ಹೋಗುವ ಬಣ್ಣ ಉರಿಯೂತದಲ್ಲಿ ಹೆಚ್ಚುವ ಇತರ ಪ್ರೋಟೀನುಗಳದ್ದು. ಅರ್ಧ ನಿಮಿಷದೊಳಗೆ ಓದಿದ ಅಂಕಿಗೂ ಹತ್ತು ನಿಮಿಷ ಕಾಯ್ದು ಓದಿದ ಅಂಕಿಗೂ ಅಂತರ ಬೀಳುತ್ತದೆ. ಅಲ್ಬುಮಿನ್ ಇಳಿದು ಗ್ಲೋಬ್ಯುಲಿನ್ ಏರಿದ ರೋಗಿಯಲ್ಲಿ, ಎಂದರೆ ಅಂಕಿ ನಿಖರವಾಗಿ ಇರಲೇಬೇಕಾದ ಕಡೆಯಲ್ಲಿ, ಈ ಅಂತರ ಅತಿ ಹೆಚ್ಚು.

ಇದಕ್ಕೆ ಉತ್ತರವಾಗಿ ಬಂದದ್ದು ಬ್ರೋಮೋಕ್ರೆಸಾಲ್ ಪರ್ಪಲ್, ಬಿಸಿಪಿ. ಪಿನೆಲ್ ಮತ್ತು ನಾರ್ಥಮ್ 1978ರಲ್ಲಿ ಅದನ್ನು ಸ್ವಯಂಚಾಲಿತ ಯಂತ್ರಗಳಿಗೆ ಹೊಂದಿಸಿದರು. ಗ್ಲೋಬ್ಯುಲಿನ್‌ಗಳನ್ನು ಅದು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ. ಆದರೆ 1986ರಲ್ಲಿ ಮ್ಯಾಗ್ವೈರ್ ಮತ್ತು ಪ್ರೈಸ್ ಅದರ ದೌರ್ಬಲ್ಯವನ್ನೂ ಹೊರಗೆಡಹಿದರು. ಕಿಡ್ನಿ ಸೋತವರ ರಕ್ತದಲ್ಲಿ ಕೂಡಿಕೊಳ್ಳುವ ಪದಾರ್ಥಗಳು ಅಲ್ಬುಮಿನಿನ ಮೇಲೆ ಕೂತು ಬಿಸಿಪಿಗೆ ಅಡ್ಡ ಬರುತ್ತವೆ. ಅಂಕಿ ಇರುವುದಕ್ಕಿಂತ ಕಡಿಮೆ ಬರುತ್ತದೆ. ಒಂದು ಬಣ್ಣ ಹೆಚ್ಚು ಹೇಳಿದರೆ ಇನ್ನೊಂದು ಕಡಿಮೆ ಹೇಳುತ್ತದೆ. ಡಯಾಲಿಸಿಸ್ ರೋಗಿಗಳಲ್ಲಿ ಎರಡರ ನಡುವಿನ ಅಂತರ ಡೆಸಿಲೀಟರಿಗೆ ಸುಮಾರು ಅರ್ಧ ಗ್ರಾಂ ಆಗುವುದುಂಟು. ಜಪಾನಿನಲ್ಲಿ ಬಿಸಿಪಿಯನ್ನು ತಿದ್ದಿದ ಹೊಸ ವಿಧಾನ ಈ ಅಂತರವನ್ನು ಬಹುಮಟ್ಟಿಗೆ ತಗ್ಗಿಸಿತು.

ಅರ್ಧ ಗ್ರಾಂ ಅಲ್ವೇ ಎಂದು ಬಿಡುವಂತಿಲ್ಲ. ಕಿಡ್ನಿ ಸೋರುವ ಒಂದು ಬಗೆಯ ಕಾಯಿಲೆಯಲ್ಲಿ ಅಲ್ಬುಮಿನ್ ತೀರಾ ಇಳಿದರೆ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ, ಹೆಪ್ಪು ತಡೆಯುವ ಔಷಧ ಕೊಡಬೇಕೇ ಬೇಡವೇ ಎಂದು ನಿರ್ಧರಿಸಬೇಕಾಗುತ್ತದೆ. ಕಿಡ್ನಿ ತಜ್ಞರ ಅಂತರರಾಷ್ಟ್ರೀಯ ಸಂಸ್ಥೆ ಕೆಡಿಗೊ 2021ರ ಮಾರ್ಗಸೂಚಿಯಲ್ಲಿ, ಬಿಸಿಜಿಯಲ್ಲಿ 2.5 ಎಂದು ಬಂದದ್ದನ್ನು ಬಿಸಿಪಿಯಲ್ಲಿ 2.0 ಎಂದು ಓದಿಕೊಳ್ಳಬೇಕೆಂದು ತಿಳಿಸಿದೆ. ರಿಪೋರ್ಟಿನಲ್ಲಿ ವಿಧಾನದ ಹೆಸರಿಲ್ಲದಿದ್ದರೆ ವೈದ್ಯರು ಈ ಸೂಚನೆಯನ್ನು ಪಾಲಿಸುವುದಾದರೂ ಹೇಗೆ?

ಇದೇ ತತ್ವ ಇನ್ನೂ ಸರಳ ರೂಪದಲ್ಲಿ ಹಳ್ಳಿಗೂ ಇಳಿದಿದೆ. ಗರ್ಭಿಣಿಯರ ಮೂತ್ರದಲ್ಲಿ ಎಎನ್‌ಎಂ ಸಿಸ್ಟರ್ ಅದ್ದಿ ನೋಡುವ ಪಟ್ಟಿಯ ತುದಿಯಲ್ಲಿರುವುದು ಟೆಟ್ರಾಬ್ರೋಮೋಫಿನಾಲ್ ಬ್ಲೂ. ಪಿಎಚ್ 3ರ ಸುಮಾರಿಗೆ ಕಟ್ಟಿಹಾಕಿದ ಆ ಹಳದಿ ಚೌಕ ಅಲ್ಬುಮಿನ್ ಸೋಕಿದರೆ ಹಸಿರಾಗುತ್ತದೆ. ಗರ್ಭಿಣಿಯ ರಕ್ತದೊತ್ತಡ ಏರಿ ಕಿಡ್ನಿಗೆ ಪೆಟ್ಟು ಬಿದ್ದಿದ್ದರೆ ಸುಳಿವು ಸಿಗುವುದು ಇಲ್ಲಿ. ಮೂತ್ರ ತೀರಾ ಕ್ಷಾರವಾಗಿದ್ದರೆ ಪಟ್ಟಿ ಸುಮ್ಮನೆ ಹಸಿರಾಗಬಹುದು ಎಂಬ ಎಚ್ಚರವೂ ಬೇಕು.

ಸಂಶೋಧನೆಯ ಕಡೆ ಜಾರ್ಜಿಯಾ ವಿಶ್ವವಿದ್ಯಾಲಯದ ಮೇರಿಯನ್ ಬ್ರಾಡ್‌ಫರ್ಡ್, ಉಣ್ಣೆಗೆ ಹಾಕುತ್ತಿದ್ದ ಕೂಮಾಸಿ ಬಣ್ಣಗಳಲ್ಲೊಂದನ್ನು ಹಿಡಿದು 1976ರಲ್ಲಿ ಪ್ರೋಟೀನ್ ಅಳೆದರು. ಪ್ರೋಟೀನ್ ಕೂಡಿದರೆ ಕಂದು ಕೆಂಪು ದ್ರವ ನೀಲಿಯಾಗುತ್ತದೆ. ಜಗತ್ತಿನಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡ ವಿಜ್ಞಾನ ಪ್ರಬಂಧಗಳಲ್ಲಿ ಅದೂ ಒಂದು.

ಲ್ಯಾಬುಗಳ ಅಂಕಿಗಳನ್ನು ತಾಳೆ ನೋಡುವ ಏರ್ಪಾಡು ನಮ್ಮಲ್ಲಿ ಇಲ್ಲದಿಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಭಾರತೀಯ ಕ್ಲಿನಿಕಲ್ ಬಯೋಕೆಮಿಸ್ಟರ ಸಂಘದೊಡನೆ ನಡೆಸುವ ಬಾಹ್ಯ ಗುಣಮಟ್ಟ ಯೋಜನೆ ಸದಸ್ಯ ಲ್ಯಾಬುಗಳಿಗೆ ಮಾದರಿಗಳನ್ನು ಕಳಿಸುತ್ತದೆ. ಬಂದ ಉತ್ತರಗಳನ್ನು ವಿಧಾನವಾರು ಗುಂಪು ಮಾಡಿ ಹೋಲಿಸುತ್ತದೆ. ಪರೀಕ್ಷಕರ ಕಡತದಲ್ಲಿ ಬಣ್ಣದ ಹೆಸರಿಗೆ ಜಾಗವಿದೆ, ಅದನ್ನು ರೋಗಿಯ ರಿಪೋರ್ಟಿನಲ್ಲಿ ಅಲ್ಬುಮಿನ್ ಪಕ್ಕ ಮೂರಕ್ಷರದಲ್ಲಿ ಅಚ್ಚು ಹಾಕಿಸುವುದಕ್ಕೆ ಯಾವ ಖರ್ಚೂ ಇಲ್ಲ. ಬಿಸಿಜಿಯಿಂದ ಬಿಸಿಪಿಗೆ ಹೋಗುವ ಲ್ಯಾಬು ಮಾತ್ರ ಇನ್ನೆರಡು ಕೆಲಸ ಮಾಡಲೇಬೇಕು. ದನದ ಅಲ್ಬುಮಿನಿಗೆ ಬಿಸಿಪಿ ಸರಿಯಾಗಿ ಕೂರುವುದಿಲ್ಲವಾದ್ದರಿಂದ ಕ್ಯಾಲಿಬ್ರೇಟರ್ ಮನುಷ್ಯರ ಸೀರಮ್ಮಿನದಾಗಿರಬೇಕು. ರಿಪೋರ್ಟಿನಲ್ಲಿ ಅಚ್ಚಾಗುವ ಸಾಮಾನ್ಯ ಮಿತಿಯನ್ನೂ ಹೊಸ ಬಣ್ಣಕ್ಕೆ ತಕ್ಕಂತೆ ಬದಲಿಸಬೇಕು, ಇಲ್ಲವಾದರೆ ನಿನ್ನೆಯವರೆಗೆ ಸರಿ ಇದ್ದವರ ಅಲ್ಬುಮಿನ್ ಇಂದು ಬೆಳಗಾಗುವಷ್ಟರಲ್ಲಿ ಕಡಿಮೆ ಎಂದು ಅಚ್ಚಾಗುತ್ತದೆ.