ಹಿನ್ನೆಲೆಯ ಸದ್ದೂ ಚಂಚಲವಾದ ಗಮನವೂ: ಒಂದು ವಿಚಾರದ ಬೆಳವಣಿಗೆ

ವಿದ್ಯಾಭ್ಯಾಸಕ್ಕೆ ನಿಶ್ಶಬ್ದವಾದ ಏಕಾಂತವೇ ಯೋಗ್ಯವೆಂಬ ನಂಬಿಕೆ ಬಹು ಪ್ರಾಚೀನವಾದುದು. ಗುರುಕುಲವನ್ನು ಊರಿನ ಗದ್ದಲದಿಂದ ದೂರವಾದ ವನಪ್ರಾಂತದಲ್ಲಿ ಕಲ್ಪಿಸಿಕೊಂಡ ನಮ್ಮ ಹಿರಿಯರಿಂದ ಮೊದಲುಗೊಂಡು, ಪರೀಕ್ಷೆಯ ದಿನಗಳು ಸಮೀಪಿಸಿದೊಡನೆ ಟಿ.ವಿ.ಯನ್ನು ಆರಿಸಿ ಮಕ್ಕಳನ್ನು ಒಳಕೋಣೆಗೆ ಕಳುಹಿಸುವ ಇಂದಿನ ತಾಯಿತಂದೆಯರವರೆಗೆ, ಎಲ್ಲರೂ ಅದನ್ನು ಸ್ವತಸ್ಸಿದ್ಧವಾದ ಸತ್ಯವೆಂದೇ ಭಾವಿಸಿದ್ದಾರೆ. ಬಹುಪಾಲು ಜನರ ವಿಷಯದಲ್ಲಿ ಅದು ಸತ್ಯವೂ ಹೌದು. ಆದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆಯುಳ್ಳವರಲ್ಲಿ, ಅಂದರೆ ಇಂದು ವೈದ್ಯರು ಎಡಿಎಚ್‌ಡಿ ಎಂದು ಹೆಸರಿಸುವ ಸ್ಥಿತಿಯುಳ್ಳವರಲ್ಲಿ, ಕೆಲವರು ಸಣ್ಣ ಸದ್ದಿಗೂ ಮಾಡುವ ಕೆಲಸವನ್ನು ಮರೆಯುವರು. ಮತ್ತೆ ಕೆಲವರು ಸದ್ದೇ ಇಲ್ಲದ ಕೋಣೆಯಲ್ಲಿ ಕುಳಿತಾಗಲೇ ಹೆಚ್ಚು ತಳಮಳಗೊಂಡು, ಹಾಡೊಂದನ್ನು ಹಾಕಿಕೊಂಡ ಮೇಲೆ ಲೆಕ್ಕದ ಪುಸ್ತಕಕ್ಕೆ ಮನಸ್ಸು ಕೊಡುವರು. ಪರಸ್ಪರ ವಿರುದ್ಧವಾಗಿ ತೋರುವ ಈ ಎರಡು ಅನುಭವಗಳನ್ನು ಒಂದೇ ವಿವರಣೆಯೊಳಗೆ ತರಲು ವಿಜ್ಞಾನವು ಎರಡು ಶತಮಾನಗಳಿಗೂ ಮಿಕ್ಕು ನಡೆಸಿದ ಪ್ರಯತ್ನವನ್ನು ಇಲ್ಲಿ ಅನುಕ್ರಮವಾಗಿ ಪರಿಶೀಲಿಸುವುದು ಉದ್ದೇಶ.

ಈ ವಿಚಾರದ ಮೊದಲ ಎಳೆ ದೊರೆಯುವುದು 1798ರಲ್ಲಿ. ಸ್ಕಾಟ್ಲೆಂಡಿನ ವೈದ್ಯನಾದ ಅಲೆಕ್ಸಾಂಡರ್ ಕ್ರೈಟನ್ ಆ ವರ್ಷ ಪ್ರಕಟಿಸಿದ ಮನೋವ್ಯಾಧಿಗಳನ್ನು ಕುರಿತ ಗ್ರಂಥದಲ್ಲಿ ಅವಧಾನವೆಂಬ ಶಕ್ತಿಗೆ ಪ್ರತ್ಯೇಕ ಸ್ಥಾನವನ್ನಿತ್ತು, ಯಾವುದೊಂದು ವಿಷಯದಲ್ಲಿಯೂ ಸ್ಥಿರವಾಗಿ ನೆಲೆನಿಲ್ಲಲಾರದ ಮನಸ್ಸಿನ ಅವಸ್ಥೆಯನ್ನು ವರ್ಣಿಸಿದನು. ಥಟ್ಟನೆ ಮುಚ್ಚಿದ ಬಾಗಿಲು, ಸರಿಸಿದ ಮೇಜು, ಬೊಗಳುವ ನಾಯಿ, ಶ್ರುತಿಗೆಟ್ಟ ವಾದ್ಯ, ಇವೆಲ್ಲವೂ ಅಂಥವರನ್ನು ಅತಿಯಾಗಿ ಕ್ಷೋಭೆಗೊಳಿಸುತ್ತವೆಂದೂ, ಈ ಅವಸ್ಥೆ ಹುಟ್ಟಿನೊಡನೆಯೇ ಬರಬಹುದೆಂದೂ, ವಯಸ್ಸಿನೊಡನೆ ತಗ್ಗಬಹುದೆಂದೂ ಅವನು ಗುರುತಿಸಿದ್ದು ಆ ಕಾಲಕ್ಕೆ ಅಸಾಧಾರಣವಾದ ಸೂಕ್ಷ್ಮದೃಷ್ಟಿಯೇ ಸರಿ. ಆದರೆ ಆ ಎಳೆಯನ್ನು ಹಿಡಿದು ಮುಂದುವರಿದವರು ಬಹುಕಾಲ ಇರಲಿಲ್ಲ. 1902ರಲ್ಲಿ ಲಂಡನ್ನಿನ ವೈದ್ಯವಿದ್ವಾಂಸರ ಮುಂದೆ ಜಾರ್ಜ್ ಫ್ರೆಡೆರಿಕ್ ಸ್ಟಿಲ್ ಮಾಡಿದ ಪ್ರಸಿದ್ಧ ಉಪನ್ಯಾಸಗಳಲ್ಲಿ ಇಂಥ ಮಕ್ಕಳ ಚಿತ್ರವಿದ್ದಿತಾದರೂ, ಅವರು ಅದನ್ನು ನೈತಿಕ ನಿಯಂತ್ರಣದ ದೋಷವೆಂದು ಕಂಡರು. ದೋಷವು ಶೀಲದಲ್ಲಿದೆಯೆಂದು ಎಣಿಸಿದ ಮೇಲೆ, ಕೋಣೆಯ ಸದ್ದನ್ನು ಯಾರು ವಿಚಾರಿಸುವರು?

ಸದ್ದಿನ ಪ್ರಶ್ನೆ ಮರಳಿ ಬಂದದ್ದು ಶಾಲೆಯ ಮೂಲಕ. 1947ರಲ್ಲಿ ಆಲ್ಫ್ರೆಡ್ ಸ್ಟ್ರಾಸ್ ಮತ್ತು ಲಾರಾ ಲೆಹ್ಟಿನೆನ್ ಎಂಬವರು ಅಮೆರಿಕದಲ್ಲಿ ಪ್ರಕಟಿಸಿದ ಗ್ರಂಥವು, ಅಂದಿನವರು ಮಿದುಳಿಗೆ ಪೆಟ್ಟಾದವರೆಂದು ಭಾವಿಸಿದ್ದ ಚಂಚಲ ಮಕ್ಕಳ ಶಿಕ್ಷಣವನ್ನು ಕುರಿತದ್ದಾಗಿದ್ದು, ಹೊರಗಿನ ಪ್ರತಿಯೊಂದು ಪ್ರಚೋದನೆಯೂ ಆ ಮಕ್ಕಳನ್ನು ಸೆಳೆದೊಯ್ಯುವುದಾದುದರಿಂದ ತರಗತಿಯ ಗೋಡೆಯ ಚಿತ್ರಗಳನ್ನು ತೆಗೆಯಬೇಕು, ಕಿಟಕಿಗಳನ್ನು ಮರೆಮಾಡಬೇಕು, ಉಪಾಧ್ಯಾಯಿನಿಯು ಆಭರಣವನ್ನು ಕೂಡ ಧರಿಸದಿರಬೇಕು ಎಂಬ ಪದ್ಧತಿಯನ್ನು ಬೋಧಿಸಿತು. ವಿಲಿಯಂ ಕ್ರುಕ್‌ಶ್ಯಾಂಕ್ ಮತ್ತು ಅವರ ಸಹೋದ್ಯೋಗಿಗಳು ಇದನ್ನು ಮೇರಿಲ್ಯಾಂಡಿನ ಶಾಲೆಗಳಲ್ಲಿ ಪ್ರಯೋಗಕ್ಕೆ ತಂದು, ಪ್ರತಿ ಮಗುವಿಗೂ ಮೂರು ಕಡೆ ಅಡ್ಡಗೋಡೆಯುಳ್ಳ ಪುಟ್ಟ ಆಸನವನ್ನು ಏರ್ಪಡಿಸಿ, ಅದರ ಫಲವನ್ನು 1961ರಲ್ಲಿ ವರದಿಮಾಡಿದರು. ಹೀಗೆ ಮರೆಮಾಡಿದಲ್ಲಿ ಮಕ್ಕಳ ನೋಟ ಪುಸ್ತಕದ ಮೇಲೆ ಹೆಚ್ಚು ಹೊತ್ತು ನಿಂತರೂ, ಕಲಿಕೆಯಲ್ಲಿ ಅದಕ್ಕೆ ತಕ್ಕ ಸ್ಪಷ್ಟವಾದ ಹೆಚ್ಚಳ ಕಾಣಲಿಲ್ಲವೆಂಬುದು ಈ ಪದ್ಧತಿಯನ್ನು ಪರಿಶೀಲಿಸಿದವರು ಕ್ರಮೇಣ ತಲುಪಿದ ನಿರ್ಣಯ. ಆ ಉಪಾಧ್ಯಾಯರ ಶ್ರದ್ಧೆಯನ್ನು ಲಘುವಾಗಿ ಕಾಣಲಾಗದು. ಪ್ರಚೋದನೆಯೆಲ್ಲವೂ ಶತ್ರುವೆಂಬ ಅವರ ಮೂಲಪ್ರತಿಜ್ಞೆಯೇ ಅಪೂರ್ಣವಾಗಿದ್ದಿತು.

ಅದೇ ಕಾಲದಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿ, ಮಕ್ಕಳ ಗೋಜಿಲ್ಲದೆ, ಆರೋಗ್ಯವಂತರಾದ ವಯಸ್ಕರನ್ನು ಕುರಿತು ಮತ್ತೊಂದು ಸಂಶೋಧನೆ ನಡೆಯುತ್ತಿದ್ದಿತು. ಡೊನಾಲ್ಡ್ ಬ್ರಾಡ್‌ಬೆಂಟ್ ತಮ್ಮ 1958ರ ಗ್ರಂಥದಲ್ಲಿ ಅವಧಾನವನ್ನು, ಬರುವ ಮಾಹಿತಿಯಲ್ಲಿ ಬೇಕಾದುದನ್ನು ಒಳಬಿಟ್ಟು ಬೇಡವಾದುದನ್ನು ತಡೆಯುವ ಶೋಧಕವೆಂದು ನಿರೂಪಿಸಿದರು; ದೀರ್ಘಕಾಲ ಎಚ್ಚರವನ್ನು ಬೇಡುವ ಕೆಲಸಗಳಲ್ಲಿ ತೀವ್ರವಾದ ಸದ್ದು ಕ್ಷಣಕಾಲದ ಲೋಪಗಳನ್ನು ಉಂಟುಮಾಡುತ್ತದೆಂದು ಅವರ ಪ್ರಯೋಗಗಳು ತೋರಿಸಿದ್ದವು. ಆದರೆ 1963ರಲ್ಲಿ ರಾಬರ್ಟ್ ವಿಲ್ಕಿನ್ಸನ್ ಪ್ರಕಟಿಸಿದ ಫಲಿತಾಂಶವು ವಿದ್ವಾಂಸರನ್ನು ಹೊಸದಾಗಿ ಆಲೋಚಿಸುವಂತೆ ಮಾಡಿತು: ನಿದ್ರೆಗೆಟ್ಟವರ ಕೆಲಸವನ್ನು ಸದ್ದು ಇನ್ನಷ್ಟು ಕೆಡಿಸುವುದಿರಲಿ, ನಿದ್ರಾಭಾವದ ಕೇಡನ್ನೇ ಅದು ತಗ್ಗಿಸಿತು. ಮಿದುಳಿನ ಜಾಗೃತಿಗೆ ಒಂದು ಹಿತವಾದ ಮಟ್ಟವುಂಟು, ಅದಕ್ಕಿಂತ ಹೆಚ್ಚಾದರೂ ಕಡಮೆಯಾದರೂ ಕಾರ್ಯ ಕೆಡುವುದು ಎಂದು 1955ರಲ್ಲಿಯೇ ಕೆನಡಾದ ಡೊನಾಲ್ಡ್ ಹೆಬ್ ಹೇಳಿದ್ದ ಮಾತಿಗೆ ಇದು ಬಲವಾದ ಪುಷ್ಟಿಯಾಯಿತು. ಜಾಗೃತಿ ತುಂಬಿದವನಿಗೆ ಸದ್ದು ಹೊರೆ. ಜಾಗೃತಿ ಕುಂದಿದವನಿಗೆ ಅದೇ ಸದ್ದು ಆಸರೆ.

ಈ ಎರಡು ಪ್ರವಾಹಗಳು ಕೂಡಿದ್ದು 1970ರ ದಶಕದಲ್ಲಿ. ಮಾಂಟ್ರಿಯಲಿನ ವರ್ಜೀನಿಯಾ ಡಗ್ಲಸ್ 1972ರಲ್ಲಿ, ಈ ಮಕ್ಕಳ ಮೂಲ ತೊಂದರೆ ಅತಿಯಾದ ಓಡಾಟವಲ್ಲ, ಅವಧಾನವನ್ನು ಧಾರಣಮಾಡಲಾರದಿರುವುದು ಮತ್ತು ಆವೇಗವನ್ನು ತಡೆಯಲಾರದಿರುವುದು ಎಂದು ಪ್ರತಿಪಾದಿಸಿದರು. ಅದರ ಪ್ರಭಾವದಿಂದಲೇ ಅಮೆರಿಕದ ಮನೋವೈದ್ಯರ ಸಂಘವು 1980ರ ತನ್ನ ಕೈಪಿಡಿಯಲ್ಲಿ ಗಮನದ ಕೊರತೆಯನ್ನೇ ಈ ಸ್ಥಿತಿಯ ಹೆಸರನ್ನಾಗಿಸಿ, 1987ರ ಪರಿಷ್ಕರಣದಲ್ಲಿ ಅತಿಚಟುವಟಿಕೆಯನ್ನು ಅದರೊಡನೆ ಜೋಡಿಸಿತು. ಇದರ ನಡುವೆ, 1975ರಲ್ಲಿ, ಸಿಡ್ನಿ ಝೆಂಟಾಲ್ ಎಂಬ ಶಿಕ್ಷಣವಿದುಷಿ, ಸ್ಟ್ರಾಸರ ಮತವನ್ನು ತಲೆಕೆಳಗು ಮಾಡುವಂಥ ವಾದವನ್ನು ಮುಂದಿಟ್ಟರು. ಈ ಮಕ್ಕಳು ಅತಿಯಾಗಿ ಪ್ರಚೋದಿತರಾದವರಲ್ಲ, ಸಾಕಷ್ಟು ಪ್ರಚೋದನೆ ದೊರೆಯದವರು. ಕಾಲಾಡಿಸುವುದು, ಎದ್ದು ತಿರುಗುವುದು, ತಾನೇ ಗುನುಗಿಕೊಳ್ಳುವುದು, ಇವೆಲ್ಲವೂ ಕೊರತೆಬಿದ್ದ ಪ್ರಚೋದನೆಯನ್ನು ತಮ್ಮ ದೇಹದಿಂದಲೇ ಒದಗಿಸಿಕೊಳ್ಳುವ ಪ್ರಯತ್ನಗಳು ಎಂಬುದು ಆ ವಾದದ ಸಾರ. ಶತಮಾನಗಳಿಂದ ತುಂಟತನವೆಂದೂ ಅವಿಧೇಯತೆಯೆಂದೂ ದಂಡನೆಗೆ ಗುರಿಯಾದ ವರ್ತನೆಯನ್ನು ಒಂದು ಅಗತ್ಯದ ಪೂರೈಕೆಯೆಂದು ಕಾಣಿಸಿದ ಈ ದೃಷ್ಟಿಯು, ಅದರ ವಿವರಗಳಲ್ಲಿ ಎಷ್ಟು ಉಳಿಯಿತು ಎಷ್ಟು ಬಿದ್ದಿತು ಎಂಬುದೇನೇ ಇರಲಿ, ಮಕ್ಕಳಿಗೆ ದೊರೆತ ದೊಡ್ಡ ನ್ಯಾಯವೆಂದು ನಾನು ತಿಳಿಯುತ್ತೇನೆ.

ಆದರೆ ಝೆಂಟಾಲರೇ 1980ರಲ್ಲಿ ಸಹೋದ್ಯೋಗಿಯೊಡನೆ ಎರಡನೆಯ ತರಗತಿಯ ಮಕ್ಕಳಲ್ಲಿ ನಡೆಸಿದ ಪ್ರಯೋಗದಲ್ಲಿ, ಮಾತುಕತೆಯಿಂದ ತುಂಬಿದ ತರಗತಿಯ ಗದ್ದಲವು ಅತಿಚಟುವಟಿಕೆಯ ಮಕ್ಕಳ ಕೆಲಸವನ್ನು ಕೆಡಿಸಿತು. ಪ್ರಚೋದನೆ ಬೇಕೆಂದ ಮಾತ್ರಕ್ಕೆ ಎಲ್ಲ ಸದ್ದೂ ಸಲ್ಲದೆಂಬುದು ಇದರಿಂದ ವಿಶದವಾಯಿತು. ಏತಕ್ಕೆಂಬುದಕ್ಕೆ ಉತ್ತರವು ಸಾಮಾನ್ಯರ ಸ್ಮೃತಿಯನ್ನು ಕುರಿತ ಅಧ್ಯಯನಗಳಲ್ಲಿದ್ದಿತು. 1976ರಲ್ಲಿ ಕೋಲ್ ಮತ್ತು ವೆಲ್ಷ್ ಎಂಬವರು, ಕಣ್ಣಿಗೆ ತೋರಿಸಿದ ಅಕ್ಷರಗಳನ್ನು ಕ್ರಮವಾಗಿ ನೆನಪಿಡುತ್ತಿದ್ದವರ ಕಿವಿಗೆ ತಿಳಿಯದ ಜರ್ಮನ್ ಭಾಷೆಯ ವಾಚನವು ಬಿದ್ದರೂ ನೆನಪು ಕೆಡುವುದೆಂದು ತೋರಿಸಿದ್ದರು. 1982ರಲ್ಲಿ ಸಲಾಮೆ ಮತ್ತು ಬ್ಯಾಡ್ಲಿ, ಮಾತಿನಷ್ಟು ಕೇಡನ್ನು ಅರ್ಥಹೀನವಾದ ಬರಿಯ ರವವು ಮಾಡುವುದಿಲ್ಲವೆಂದು ಕಂಡರು. ಮನುಷ್ಯನ ನುಡಿ, ಅದು ನಮಗೆ ಸಂಬಂಧಿಸದಿದ್ದರೂ, ಮನಸ್ಸಿನ ಬಾಗಿಲನ್ನು ಕೇಳದೆ ಪ್ರವೇಶಿಸುತ್ತದೆ. ನಮ್ಮ ಅಷ್ಟಾವಧಾನದ ಪರಂಪರೆ ಈ ಸತ್ಯವನ್ನು ಬಹು ಹಿಂದೆಯೇ ಅರಿತಿದ್ದಿತೆಂದು ತೋರುತ್ತದೆ. ಅವಧಾನಿಯ ಏಕಾಗ್ರತೆಯನ್ನು ಮುರಿಯಲು ಅಲ್ಲಿ ನೇಮಕವಾದವನು ತಮಟೆ ಬಾರಿಸುವವನಲ್ಲ, ಅಪ್ರಸ್ತುತ ಪ್ರಸಂಗವನ್ನು ಎತ್ತುವ ಮಾತುಗಾರ.

ಮುಂದಿನ ಹೆಜ್ಜೆಯಾಗಿ 1996ರಲ್ಲಿ ಹೊವರ್ಡ್ ಅಬಿಕಾಫ್ ಮತ್ತು ಸಂಗಡಿಗರು ಎಡಿಎಚ್‌ಡಿಯುಳ್ಳ 20 ಹುಡುಗರಿಗೂ ಇಲ್ಲದ 20 ಹುಡುಗರಿಗೂ ಸಂಗೀತ, ಮಾತು, ನಿಶ್ಶಬ್ದ ಎಂಬ ಮೂರು ಸನ್ನಿವೇಶಗಳಲ್ಲಿ ಲೆಕ್ಕಗಳನ್ನು ಕೊಟ್ಟು ನೋಡಿದರು. ಇಲ್ಲದವರಿಗೆ ಮೂರೂ ಸಮಾನವಾದವು. ಉಳ್ಳವರು ಸಂಗೀತದಲ್ಲಿ ಮೇಲಾದರು, ಅದರಲ್ಲಿಯೂ ಮೊದಲಿಗೆ ಸಂಗೀತವನ್ನೇ ಕೇಳಿದವರಲ್ಲಿ ಲಾಭ ಎದ್ದು ಕಂಡಿತು. ಇಷ್ಟವಾದ ಹಾಡು ಕೇಳಿದ ಸಂತೋಷವೇ ಇದಕ್ಕೆ ಕಾರಣವಲ್ಲವೆ ಎಂಬ ಸಂಶಯವನ್ನು ಪರಿಹರಿಸಬೇಕಾದರೆ, ಸಂತೋಷವನ್ನೂ ಅರ್ಥವನ್ನೂ ಕಳೆದ ಬರಿಯ ಸದ್ದಿನಿಂದ ಪರೀಕ್ಷಿಸಬೇಕಾಗಿದ್ದಿತು. ಆ ಕೆಲಸವನ್ನು ಸ್ವೀಡನ್ನಿನ ಯೋರಾನ್ ಸೋಡರ್ಲುಂಡ್, ಸ್ವೆರ್ಕರ್ ಸಿಕ್‌ಸ್ಟ್ರೋಮ್ ಮೊದಲಾದವರು 2007ರಲ್ಲಿ ಮಾಡಿದರು. ಯಾವ ಕೇಂದ್ರವೂ ಸಿಗದ ರೇಡಿಯೋದ ಸುಯ್ಲಿನಂತಹ, ಎಲ್ಲ ಆವರ್ತಗಳನ್ನೂ ಸಮನಾಗಿ ಒಳಗೊಂಡ, ವೈಟ್ ನಾಯ್ಸ್ ಎಂದು ಪ್ರಸಿದ್ಧವಾದ ಶ್ವೇತರವವನ್ನು ಸುಮಾರು 80 ಡೆಸಿಬಲ್ಲಿನ ಮಟ್ಟದಲ್ಲಿ ಕೇಳಿಸಿ, ಸಣ್ಣ ಸಣ್ಣ ಆದೇಶವಾಕ್ಯಗಳನ್ನು ನೆನಪಿಡಲು ಹೇಳಿದಾಗ, ಎಡಿಎಚ್‌ಡಿಯುಳ್ಳ ಮಕ್ಕಳ ನೆನಪು ವೃದ್ಧಿಯಾಯಿತು. ಇತರ ಮಕ್ಕಳದು ಕುಗ್ಗಿತು.

ಅವರು ಕೊಟ್ಟ ವಿವರಣೆ ಮನೋಹರವಾದುದು. ಮಿದುಳಿನ ಡೋಪಮಿನ್ ಎಂಬ ರಾಸಾಯನಿಕದ ಸ್ಥಾಯಿಮಟ್ಟ ಈ ಮಕ್ಕಳಲ್ಲಿ ಕಡಮೆಯಿರುವುದರಿಂದ ನರಗಳೊಳಗಿನ ಸಹಜವಾದ ರವವೂ ಕಡಮೆಯಿದ್ದು, ಹೊಸ್ತಿಲನ್ನು ದಾಟಲಾರದ ದುರ್ಬಲ ಸಂಕೇತಗಳಿಗೆ ಹೊರಗಿನ ರವವು ಸೇರಿಕೊಂಡು ಅವುಗಳನ್ನು ಮೇಲೆತ್ತುತ್ತದೆಂಬುದು ಅದರ ತಾತ್ಪರ್ಯ. ಗದ್ದಲವು ಸಂಕೇತವನ್ನು ಮುಚ್ಚುವ ಬದಲು ಪ್ರಕಟಗೊಳಿಸುವ ಈ ವಿದ್ಯಮಾನವನ್ನು 1981ರಲ್ಲಿ ಇಟಲಿಯ ಭೌತವಿಜ್ಞಾನಿಗಳು ಭೂಮಿಯ ಹಿಮಯುಗಗಳ ಆವರ್ತನೆಯನ್ನು ವಿವರಿಸಲು ಕಲ್ಪಿಸಿದ್ದರು. 1993ರಲ್ಲಿ ಅದು ಸಿಹಿನೀರಿನ ಸಿಗಡಿಯ ಸ್ಪರ್ಶನರಗಳಲ್ಲಿಯೂ ಕಂಡುಬಂದಿತು. ಭೂಗೋಳದಿಂದ ಸಿಗಡಿಗೆ, ಸಿಗಡಿಯಿಂದ ಶಾಲೆಯ ಬೆಂಚಿಗೆ ಬಂದ ಈ ಭಾವನೆ ಎಷ್ಟೇ ಆಕರ್ಷಕವಾದರೂ ಪ್ರಶ್ನಾತೀತವಾಗಿ ಉಳಿಯಲಿಲ್ಲ. ಬೆಲ್ಜಿಯಮ್ಮಿನ ಸಂಶೋಧಕರು ಈಚೆಗೆ, ಯಾದೃಚ್ಛಿಕತೆಯೇ ಇಲ್ಲದ ಒಂದೇ ಆವರ್ತದ ಶುದ್ಧಸ್ವರವೂ ಅಂಥದೇ ಪರಿಣಾಮವನ್ನು ಮಾಡಬಲ್ಲದೆಂದು ತೋರಿಸಿ, ಲಾಭವಿರುವುದಾದರೆ ಅದರ ಕಾರಣ ಬೇರೆಯಿರಬಹುದೆಂಬ ಆಕ್ಷೇಪವನ್ನೆತ್ತಿದ್ದಾರೆ.

ಲಾಭವಾದರೂ ಎಷ್ಟು? 2024ರಲ್ಲಿ ಅಮೆರಿಕದ ಆರೆಗಾನಿನ ಜೋಯೆಲ್ ನಿಗ್ ಮತ್ತು ಸಂಗಡಿಗರು 13 ಅಧ್ಯಯನಗಳಲ್ಲಿನ 335 ಮಕ್ಕಳು ಮತ್ತು ತರುಣರ ಫಲಿತಾಂಶಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದಾಗ, ಶ್ವೇತರವ ಮತ್ತು ಕೆಳಸ್ವರಗಳು ಹೆಚ್ಚಾಗಿರುವ ಪಿಂಕ್ ನಾಯ್ಸ್ ಇವುಗಳಿಂದ ಗಮನದ ತೊಂದರೆಯುಳ್ಳವರ ಕಾರ್ಯದಲ್ಲಿ ಆದ ಏರಿಕೆ ಸುಮಾರು 0.25 ಪ್ರಮಾಣವಿಚಲನದಷ್ಟು, ತೊಂದರೆಯಿಲ್ಲದವರಲ್ಲಿ ಆದ ಇಳಿಕೆ ಸುಮಾರು 0.21ರಷ್ಟು. ಎರಡೂ ಅಲ್ಪವೇ, ಆದರೆ ಎರಡರ ದಿಕ್ಕು ವಿರುದ್ಧವಾಗಿರುವುದೇ ಇಲ್ಲಿ ಮುಖ್ಯವಾದುದು: ಒಂದೇ ಕೋಣೆಯ ಒಂದೇ ಸದ್ದು ಒಬ್ಬನನ್ನು ಎತ್ತಿ, ಪಕ್ಕದವನನ್ನು ಇಳಿಸಬಲ್ಲದು. ಇಂದು ಮೊಬೈಲುಗಳಲ್ಲಿ ಬಹು ಜನಪ್ರಿಯವಾಗಿರುವ ಬ್ರೌನ್ ನಾಯ್ಸಿನ ಬಗೆಗೆ ಪರಿಗಣಿಸಲು ಯೋಗ್ಯವಾದ ಒಂದು ಅಧ್ಯಯನವೂ ಆ ಸಮೀಕ್ಷೆಗೆ ದೊರೆಯಲಿಲ್ಲ. ಪ್ರಯೋಗಗಳೆಲ್ಲ ಬಹುಮಟ್ಟಿಗೆ ಅಲ್ಪಾವಧಿಯವು; ದಿನವಿಡೀ ಕಿವಿಗೆ ಸದ್ದು ಹಾಕಿಕೊಂಡಿರುವುದಕ್ಕೆ ಅವು ಆಧಾರವಾಗಲಾರವು. ಇಯರ್‌ಫೋನು ಮೊದಲಾದವುಗಳಿಂದ ಕೇಳುವಾಗ ಮಕ್ಕಳಿಗೆ 75 ಡೆಸಿಬಲ್ಲಿನ ಮಟ್ಟದಲ್ಲಿ ವಾರಕ್ಕೆ 40 ಗಂಟೆಗಳೇ ಸುರಕ್ಷಿತವಾದ ಮೇರೆಯೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿರುವುದನ್ನೂ, ಹಲವು ಪ್ರಯೋಗಗಳಲ್ಲಿ ಬಳಸಿದ ಸದ್ದು ಅದಕ್ಕಿಂತ ಜೋರಾದುದೆಂಬುದನ್ನೂ ತಾಯಿತಂದೆಯರು ಮರೆಯಲಾಗದು.

ಈ ದೀರ್ಘ ಪರಂಪರೆಯಿಂದ ಹೊರಡುವ ಸಾರವನ್ನು ಹೀಗೆ ಹೇಳಬಹುದು. ಸದ್ದು ಒಳ್ಳೆಯದೋ ಕೆಟ್ಟದೋ ಎಂಬ ಪ್ರಶ್ನೆಯೇ ಅಸಮರ್ಪಕವಾದುದು. ಯಾವ ಸದ್ದು, ಯಾರಿಗೆ, ಯಾವ ಕೆಲಸದಲ್ಲಿ ಎಂದು ಕೇಳಬೇಕು. ಮಾತಿನ ಗದ್ದಲ ಹಲವು ಕೆಲಸಗಳಲ್ಲಿ ಕೇಡು, ಚಂಚಲಚಿತ್ತರಿಗೆ ಹೆಚ್ಚು ಕೇಡಾಗಬಹುದು. ಅರ್ಥರಹಿತವೂ ಏಕಪ್ರಕಾರವೂ ಆದ ಸದ್ದು ಕೆಲವರಿಗೆ ಅಲ್ಪ ಸಹಾಯ. ಔಷಧಿಗಾಗಲಿ ತಜ್ಞರ ಸಲಹೆಗಾಗಲಿ ಅದು ಬದಲಿಯಲ್ಲ. ಆದಕಾರಣ ಶಾಲೆಯ ಮೊದಲ ಕರ್ತವ್ಯ ಬೇಡದ ಗದ್ದಲವನ್ನು ತಗ್ಗಿಸುವುದೇ ಆಗಿರುತ್ತದೆ. ನ್ಯೂಯಾರ್ಕಿನ ಒಂದು ಶಾಲೆಯಲ್ಲಿ ರೈಲುಹಳಿಯ ಕಡೆಯ ಕೋಣೆಗಳ ಮಕ್ಕಳು ಓದಿನಲ್ಲಿ ಹಿಂದೆ ಬಿದ್ದಿದ್ದುದನ್ನು 1975ರಲ್ಲಿ ಆರ್ಲೀನ್ ಬ್ರಾನ್ಜಾಫ್ಟ್ ತೋರಿಸಿದರು. ಹಳಿಗೆ ರಬ್ಬರನ್ನೂ ಕೋಣೆಗೆ ಶಬ್ದಶೋಷಕವನ್ನೂ ಹಾಕಿದ ಮೇಲೆ ಆ ಅಂತರ ಇಲ್ಲವಾಯಿತು. ನಮ್ಮ ದೇಶದ 2000ದ ನಿಯಮಗಳೂ ಶಾಲೆಗಳ ಸುತ್ತಣ 100 ಮೀಟರುಗಳ ಪ್ರದೇಶವನ್ನು ನಿಶ್ಶಬ್ದ ವಲಯವಾಗಿಸಲು ಅವಕಾಶ ಕೊಟ್ಟು, ಹಗಲಿನಲ್ಲಿ 50 ಡೆಸಿಬಲ್ಲಿನ ಮಿತಿಯನ್ನು ಗೊತ್ತುಮಾಡಿವೆ. ಬಸ್ಸುಗಳ ಹಾರನ್ನಿನ ನಡುವೆ ಪಾಠ ಹೇಳುವ ನಮ್ಮ ಉಪಾಧ್ಯಾಯರಿಗೆ ಆ ಮಿತಿ ಎಷ್ಟು ದೂರವಾದುದೆಂದು ವಿವರಿಸಬೇಕಾಗಿಲ್ಲ.

ಎರಡನೆಯ ಕರ್ತವ್ಯ ಮನೆಯದೂ ಹೌದು, ಶಾಲೆಯದೂ ಹೌದು. ಸದ್ದಿನೊಡನೆ ಓದುತ್ತೇನೆಂದ ಮಗುವನ್ನು ಸೋಮಾರಿಯೆಂದು ಗದರಿಸುವುದಕ್ಕೂ, ಕೇಳಿದೊಡನೆ ಒಪ್ಪಿಬಿಡುವುದಕ್ಕೂ ನಡುವೆ ವಿವೇಕದ ಹಾದಿಯೊಂದಿದೆ: ಸದ್ದಿನೊಡನೆ ಕೆಲವು ದಿನ, ಸದ್ದಿಲ್ಲದೆ ಕೆಲವು ದಿನ, ಒಂದೇ ಬಗೆಯ ಲೆಕ್ಕಗಳನ್ನು ಕೊಟ್ಟು, ಎಷ್ಟು ಮುಗಿದವು, ಎಷ್ಟು ಸರಿಯಾದವು ಎಂಬುದನ್ನು ಮಗುವಿನೊಡನೆ ಕುಳಿತು ಎಣಿಸುವುದು. ಪ್ರಯೋಗಶಾಲೆಯ ವಿದ್ವಾಂಸರು ಮಾಡಿದುದೂ ತತ್ತ್ವತಃ ಇದನ್ನೇ. ಹಾಗೆ ಎಣಿಸಿದಾಗ ನಮ್ಮ ಅಭಿಪ್ರಾಯ ಸೋಲಬಹುದು, ಮಗುವಿನದು ಸೋಲಬಹುದು. ಆದರೆ ತನ್ನ ಮನಸ್ಸಿನ ಸ್ವಭಾವವನ್ನು ದೋಷವೆಂದು ಅವಮಾನಪಡದೆ, ವಸ್ತುಸ್ಥಿತಿಯೆಂದು ಪರೀಕ್ಷಿಸಿ ಅರಿಯುವ ಅಭ್ಯಾಸವು ಆ ಮಗುವಿಗೆ ಯಾವ ಫಲಿತಾಂಶ ಬಂದರೂ ಉಳಿಯುತ್ತದೆ, ಮತ್ತು ಜೀವಮಾನವೆಲ್ಲ ಅದರ ಕೈಹಿಡಿಯುತ್ತದೆ.