ಮುಸಫ್ಫಾದ ತಿಮಿಂಗಿಲ, ಸೂರ್‌ನ ಚಿಪ್ಪಿನ ಪದರ



ಆಶಯ ಭಾಷಣಕ್ಕೆ ಸಾಹಿತಿಗಳನ್ನೋ ಉದ್ಯಮಿಗಳನ್ನೋ ಕರೆಯುವುದು ವಾಡಿಕೆ. ಈ ಸಲ ಮಣ್ಣು ಪರೀಕ್ಷೆ ಮಾಡುವವನನ್ನು ಕರೆದಿದ್ದೀರಿ. ಕಟ್ಟಡ ಏಳುವ ಮೊದಲು ನೆಲಕ್ಕೆ ಕೊಳವೆ ಇಳಿಸಿ, ಅಡಿಯಲ್ಲಿ ಏನಿದೆ ಎಂದು ತೆಗೆದು ನೋಡುವುದು ನನ್ನ ಕೆಲಸ. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಎಮಿರೇಟ್ಸ್ ಮತ್ತು ಒಮಾನ್‌ಗಳಲ್ಲಿ ಇದನ್ನೇ ಮಾಡಿದ್ದೇನೆ. ಹಾಗಾಗಿ ಇವತ್ತು ರಾಜರ ಚರಿತ್ರೆ ಹೇಳುವುದಿಲ್ಲ. ನಮ್ಮ ಕಾಲ ಕೆಳಗಿನ ಕೆಸರಿನ ಚರಿತ್ರೆ ಹೇಳುತ್ತೇನೆ.

ಅಬುಧಾಬಿಯ ಮುಸಫ್ಫಾ ನಿಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತು. ಗ್ಯಾರೇಜು, ವರ್ಕ್‌ಶಾಪು, ಕಾರ್ಮಿಕರ ಕ್ಯಾಂಪು, ಬಸ್ಸುಗಳ ಸಾಲು. ಅಲ್ಲಿನ ಕೈಗಾರಿಕಾ ಕಾಲುವೆಯ ದಂಡೆಯ ಕೆಸರಿನಲ್ಲಿ ಒಂದು ತಿಮಿಂಗಿಲದ ಎಲುಬುಗಳು ಸಿಕ್ಕಿದವು. ದವಡೆ, ಭುಜದ ಎಲುಬು, ತಲೆಬುರುಡೆಯ ಚೂರುಗಳು. ಜೊತೆಗೆ ತಿಮಿಂಗಿಲದ ಚರ್ಮಕ್ಕೆ ಅಂಟಿ ಬದುಕುವ ಒಂದು ಜಾತಿಯ ಬಾರ್ನಕಲ್ ಚಿಪ್ಪುಗಳು. ಸುತ್ತಲಿನ ಕೆಸರಿನ ವಯಸ್ಸು ಸುಮಾರು 5,000 ವರ್ಷ. 2011ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅದು ಬಹುಶಃ ಹಂಪ್‌ಬ್ಯಾಕ್ ಜಾತಿಯದು. ಆಗ ಆ ಜಾಗ ಆಳವಿಲ್ಲದ, ಉಪ್ಪು ಹೆಚ್ಚಾದ ಹಿನ್ನೀರಾಗಿತ್ತು. ಇವತ್ತು ನಾವು ಲಾರಿಯ ಎಂಜಿನ್ ಬಿಚ್ಚಿ ಇಡುವ ಕಡೆ ಒಂದು ಕಾಲದಲ್ಲಿ ಕಡಲಿತ್ತು.

ಇದಕ್ಕಿಂತ ದೊಡ್ಡ ಅಚ್ಚರಿ ಅದರ ಹಿಂದಿನ ಕಾಲದ್ದು. ಸುಮಾರು 20,000 ವರ್ಷಗಳ ಹಿಂದೆ ಹಿಮಯುಗ ಉಚ್ಛ್ರಾಯದಲ್ಲಿದ್ದಾಗ ಭೂಮಿಯ ನೀರು ಬಹಳಷ್ಟು ಹಿಮವಾಗಿ ಕಟ್ಟಿತ್ತು; ಸಮುದ್ರಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಕೊಲ್ಲಿಯ ಸರಾಸರಿ ಆಳವೇ 35 ಮೀಟರ್ ಆಸುಪಾಸು. ಅಂದರೆ ಕೊಲ್ಲಿಯೇ ಇರಲಿಲ್ಲ. ಅದು ನದಿ ಹರಿಯುತ್ತಿದ್ದ ಒಂದು ಕಣಿವೆ. ಹಿಮ ಕರಗಿದಂತೆ ಹೋರ್ಮುಜ್ ಕಡೆಯಿಂದ ನೀರು ಒಳಬಂತು. ಸುಮಾರು 6,000 ವರ್ಷಗಳ ಹಿಂದೆ ಅದು ಇಂದಿನ ದಡ ಮುಟ್ಟಿ, ಇನ್ನೂ ಒಂದೆರಡು ಮೀಟರ್ ಮೇಲೇರಿ, ಆಮೇಲೆ ಹಿಂದೆ ಸರಿಯಿತು. ಹಾಗೆ ಹಿಂದೆ ಸರಿದ ಕಡಲು ಬಿಟ್ಟುಹೋದ ನೆಲವೇ ಸಬ್ಖಾ.

ಸಬ್ಖಾದಲ್ಲಿ ಕೊಳವೆ ಇಳಿಸಿದರೆ ಈ ಕತೆಯೆಲ್ಲ ಕೆಳಗಿನಿಂದ ಮೇಲಕ್ಕೆ ಓದಲು ಸಿಗುತ್ತದೆ. ತಳದಲ್ಲಿ ಗಾಳಿ ಗುಡ್ಡೆ ಹಾಕಿದ ಹಳೆಯ ಮರಳು: ಆಗ ಅದು ಒಣ ಮರುಭೂಮಿ. ಅದರ ಮೇಲೆ ಬೂದು ಬಣ್ಣದ ಕೆಸರು, ಅದರಲ್ಲಿ ಸುರುಳಿಯಾದ ಪುಟ್ಟ ಚಿಪ್ಪುಗಳು: ಕಡಲು ಬಂತು. ಅದರ ಮೇಲೆ ಕಪ್ಪಗೆ, ಚರ್ಮದಂತೆ ಎಳೆದರೆ ಬರುವ ಪಾಚಿಯ ಪದರ. ಈ ಪಾಚಿ ಬೆಳೆಯುವುದು ಭರತ ಇಳಿತಗಳ ನಡುವಿನ ಅಂಚಿನಲ್ಲಿ ಮಾತ್ರ. ಆದ್ದರಿಂದ ಈಗಿನ ದಡದಿಂದ ಕಿಲೋಮೀಟರ್‌ಗಟ್ಟಲೆ ಒಳಗೆ ಅದು ಹೂತು ಸಿಕ್ಕಿದರೆ, ಹಿಂದೊಮ್ಮೆ ದಡ ಇಲ್ಲೇ ಇತ್ತು ಎಂದೇ ಅರ್ಥ. ಅದರ ಮೇಲೆ ಜಿಪ್ಸಮ್, ಎಲ್ಲಕ್ಕಿಂತ ಮೇಲೆ ಉಪ್ಪಿನ ಹಪ್ಪಳ. ಮೊದಮೊದಲು ನಾನು ಇದನ್ನು ‘ಸಡಿಲ ಮಣ್ಣು, ಭಾರ ತಡೆಯದು’ ಎಂದಷ್ಟೇ ವರದಿಯಲ್ಲಿ ಬರೆದು ಚೀಲ ಕಟ್ಟುತ್ತಿದ್ದೆ.

ಸಮುದ್ರಮಟ್ಟದ್ದು ಸಾವಿರಾರು ವರ್ಷಗಳ ನಿಧಾನದ ಕತೆ. ಬಿರುಗಾಳಿಯದು ಒಂದೇ ರಾತ್ರಿಯದು. ಕೆಸರು ಅದನ್ನೂ ಬರೆದಿಡುತ್ತದೆ.

ಖೋರ್ ಎಂದು ಇಲ್ಲಿಯವರು ಕರೆಯುವ, ನಮ್ಮ ಕರಾವಳಿಯ ಅಳಿವೆಯ ಹಿಂದಿನ ನೀರಿನಂಥ ಹಿನ್ನೀರನ್ನು ನೆನೆಸಿಕೊಳ್ಳಿ. ಮುಂದೆ ಮರಳಿನ ದಿಬ್ಬ, ಅದರಾಚೆ ಕಡಲು. ದಿನನಿತ್ಯ ಹಿನ್ನೀರಿನ ತಳದಲ್ಲಿ ಕೂರುವುದು ನುಣ್ಣನೆಯ ಕೆಸರು. ದೊಡ್ಡ ಬಿರುಗಾಳಿ ಬಂದಾಗ ಅಲೆ ದಿಬ್ಬ ಹಾರಿ, ಕಡಲಂಚಿನ ಒರಟು ಮರಳನ್ನು ಒಳಗೆ ಎಸೆಯುತ್ತದೆ. ಮಾರನೆಯ ದಿನದಿಂದ ಮತ್ತೆ ಕೆಸರು ಕೂರತೊಡಗಿ ಮರಳನ್ನು ಮುಚ್ಚುತ್ತದೆ. ನೂರು ವರ್ಷ ಬಿಟ್ಟು ಕೊಳವೆ ಇಳಿಸಿ, ಉದ್ದಕ್ಕೆ ಸೀಳಿದರೆ ಕೆಸರಿನ ನಡುವೆ ಮರಳಿನ ಗೆರೆ. ಅದರ ಮೇಲೂ ಕೆಳಗೂ ಇರುವ ಚಿಪ್ಪಿನ ಇಂಗಾಲ ಅಳೆದರೆ ಕಾಲ ಸಿಗುತ್ತದೆ. ಒಂದು ತೊಡಕಿದೆ: ಕಡಲ ನೀರಿನ ಇಂಗಾಲ ಹಳೆಯದಾದ್ದರಿಂದ ಚಿಪ್ಪು ತನ್ನ ವಯಸ್ಸನ್ನು ಕೆಲವು ನೂರು ವರ್ಷ ಹೆಚ್ಚಿಗೆ ಹೇಳುತ್ತದೆ, ಅದನ್ನು ಕಳೆಯಬೇಕು.

ಆದರೆ ಮರಳಿನ ಗೆರೆ ಕಂಡ ಕೂಡಲೇ ಬಿರುಗಾಳಿ ಎನ್ನುವಂತಿಲ್ಲ, ಸುನಾಮಿಯೂ ಇರಬಹುದು. ಈ ಜಗಳ ಬಿಡಿಸಲು ಕಲಿಸಿದ ಜಾಗಗಳಲ್ಲಿ ಒಮಾನ್‌ನ ಸೂರ್ ಒಂದು. ಹಾಯಿಹಡಗು ಕಟ್ಟುವವರ ಹಳೆಯ ಊರು. ಅಲ್ಲಿನ ಹಿನ್ನೀರಿನ ಕೆಸರಿನಲ್ಲಿ ಕೆನಡಾದ ಸಂಶೋಧಕರು ಚಿಪ್ಪುಗಳಿಂದಲೇ ತುಂಬಿದ, ವಿಶಾಲವಾಗಿ ಹಾಸಿದ ಪದರವೊಂದನ್ನು ಕಂಡು 2008ರಲ್ಲಿ ಪ್ರಕಟಿಸಿದರು. ಎರಡು ಹೋಳೂ ಜೋಡಿಯಾಗೇ ಇದ್ದ ಚಿಪ್ಪುಗಳು ಬಹಳ. ಅಂದರೆ ಜೀವಂತವಾಗಿದ್ದಾಗಲೇ ಕಿತ್ತು ತಂದು ಹೂತದ್ದು. ಒಡೆದವುಗಳ ಅಂಚು ಚೂಪು. ದಡದಲ್ಲಿ ವರ್ಷಗಟ್ಟಲೆ ಉರುಳಿ ಸವೆದದ್ದಲ್ಲ. ಹಿನ್ನೀರಿನಲ್ಲಿ ಬದುಕದ, ಹೊರಗಡಲಿನ ಜಾತಿಗಳೂ ಅದರಲ್ಲಿದ್ದವು. ಇದು 1945ರ ನವೆಂಬರ್ 28ರ ಸುನಾಮಿಯ ಕೆಲಸ ಎಂಬುದು ಅವರ ನಿರ್ಣಯ.

ಆ ದಿನ ಬೆಳಗಿನ ಜಾವ ಮಕ್ರಾನ್ ಕರಾವಳಿಯಾಚೆ 8.1 ತೀವ್ರತೆಯ ಭೂಕಂಪ ಆಗಿತ್ತು. ಅಲೆ ಮುಂಬೈಯಲ್ಲಿ ಜನರನ್ನು ಕೊಚ್ಚಿಕೊಂಡು ಹೋಯಿತು. ನಮ್ಮ ಕಾರವಾರದವರೆಗೂ ಮುಟ್ಟಿತು. ಉತ್ತರ ಕನ್ನಡದವರು ಈ ಸಭೆಯಲ್ಲಿದ್ದರೆ ಮನೆಯ ಹಿರಿಯರನ್ನು ಕೇಳಿ ನೋಡಿ. ಒಂದೇ ಅಲೆಯ ಎರಡು ದಡಗಳ ನಡುವೆ ಓಡಾಡುತ್ತಿರುವವರು ನಾವು. ಸೂರ್‌ನ ಆಸುಪಾಸಿನ ಬಂಡೆಗಡಲಿನ ಮೇಲೆ ನೂರು ಟನ್‌ವರೆಗಿನ ಬಂಡೆಗಳು ಬಿದ್ದಿವೆ, ಕೆಲವಕ್ಕೆ ಸಿಂಪಿಗಳು ಅಂಟಿವೆ. ಅವನ್ನು ಅಭ್ಯಸಿಸಿದವರು 2020ರಲ್ಲಿ, ಸುಮಾರು 1,000 ವರ್ಷಗಳ ಹಿಂದೆ 1945ಕ್ಕಿಂತ ಬಹಳ ದೊಡ್ಡ ಅಲೆ ಬಂದಿರಬೇಕು ಎಂದು ವಾದಿಸಿದ್ದಾರೆ.

ಇನ್ನು ಗೋನು. 2007ರ ಜೂನ್ ಮೊದಲ ವಾರ. ಅರಬ್ಬೀ ಸಮುದ್ರದಲ್ಲಿ ಅಲ್ಲಿಯವರೆಗೆ ದಾಖಲಾದ ಚಂಡಮಾರುತಗಳಲ್ಲೇ ಅತಿ ಪ್ರಬಲ. ರಾಸ್ ಅಲ್ ಹದ್‌ನಲ್ಲಿ ನೀರಿನ ಗುರುತು 5 ಮೀಟರ್ ಮೀರಿತ್ತು. ಒಮಾನ್‌ನಲ್ಲಿ ಸುಮಾರು 50 ಜನ ಸತ್ತರು. ಆಗ ನಾನು ಮಸ್ಕತ್‌ನಲ್ಲಿದ್ದೆ. ವಾದಿಯೊಂದರ ಪಕ್ಕದ ನೆಲಮಹಡಿಯ ಕೋಣೆಯಲ್ಲಿ ಆರು ಜನ. ಬಾಡಿಗೆ ಕಡಿಮೆ. ಯಾಕೆ ಕಡಿಮೆ ಎಂದು ನಾನು ಕೇಳಲಿಲ್ಲ. ಒಣಗಿ ಬಿದ್ದಿದ್ದ ವಾದಿಯಲ್ಲಿ ತೆಂಗಿನಕಾಯಿ ಗಾತ್ರದ ಉರುಟು ಕಲ್ಲುಗಳಿದ್ದವು. ನೀರಲ್ಲದೆ ಇನ್ನಾರು ಅವನ್ನು ಉರುಳಿಸಿ ತಂದಾರು? ಮಣ್ಣು ಓದಿ ಸಂಬಳ ತೆಗೆದುಕೊಳ್ಳುವ ನಾನು ದಿನಾ ಅದೇ ಕಲ್ಲು ತುಳಿದುಕೊಂಡು ಕೆಲಸಕ್ಕೆ ಹೋಗುತ್ತಿದ್ದೆ.

ನೀರು ಬಂದದ್ದು ಕಡಲಿನಿಂದಲ್ಲ, ಬೆಟ್ಟದಿಂದ. ಮಂಚ ತೇಲಿತು. ಮೇಲಿನ ಮಹಡಿಯ ಮಲಯಾಳಿ ಸಂಸಾರವೊಂದು ನಮ್ಮನ್ನು ಎಳೆದುಕೊಂಡಿತು. ಎರಡು ಪಾಸ್‌ಪೋರ್ಟು, ಒಂದು ಮದುವೆಯ ಆಲ್ಬಮ್ಮು ಹೋದವು, ಜೀವ ಉಳಿಯಿತು. ಕುಡಿಯುವ ನೀರಿಗೆ ದಿನಗಟ್ಟಲೆ ಪರದಾಟ. ಕೋಣೆಯ ಗೋಡೆಯ ಮೇಲೆ ನನ್ನ ಎದೆಯ ಎತ್ತರಕ್ಕೆ ಕೆಸರಿನ ಗೆರೆ ಕೂತಿತ್ತು.

ಮೂರು ವರ್ಷದ ನಂತರ ಯಾರನ್ನೋ ನೋಡಲು ಅದೇ ಕಟ್ಟಡಕ್ಕೆ ಹೋಗಿದ್ದೆ. ಗೋಡೆಗೆ ಹೊಸ ಬಣ್ಣ. ಒಳಗೆ ಕುಂದಾಪುರ ಕಡೆಯ ನಾಲ್ಕು ಹುಡುಗರು. “ಗೋನುವಾ? ಅದೆಂತದು ಮಾರಾಯ್ರೆ?” ಎಂದರು. ಅವರದೇನೂ ತಪ್ಪಿಲ್ಲ. ನಾವು ಎರಡು ವರ್ಷದ ವೀಸಾದ ಮೇಲೆ ಬರುತ್ತೇವೆ, ಹೋಗುತ್ತೇವೆ. ಊರಿನಲ್ಲಾದರೆ ‘ಆ ಗದ್ದೆಯ ಕೆಳಗೆ ಮನೆ ಕಟ್ಟಬೇಡ’ ಎನ್ನುವ ಅಜ್ಜಿ ಇರುತ್ತಾಳೆ. ಇಲ್ಲಿ ನಮಗೆ ಅಜ್ಜಿಯಿಲ್ಲ.

1890ರ ಜೂನ್‌ನಲ್ಲೂ ಮಸ್ಕತ್ ಕಡೆ ಇಂಥದೇ ಚಂಡಮಾರುತ ಬಂದು 700ಕ್ಕೂ ಹೆಚ್ಚು ಜನ ಸತ್ತಿದ್ದರು. ಅದರಿಂದ ಗೋನುವಿಗೆ 117 ವರ್ಷ. ‘ಇನ್ನು ನೂರು ವರ್ಷ ನಿಶ್ಚಿಂತೆ’ ಎಂದು 2007ರಲ್ಲಿ ಎಷ್ಟೋ ಜನ ಅಂದದ್ದನ್ನು ನಾನೇ ಕೇಳಿದ್ದೇನೆ. 2010ರಲ್ಲಿ ಫೆಟ್ ಬಂತು, 2021ರ ಅಕ್ಟೋಬರ್‌ನಲ್ಲಿ ಶಾಹೀನ್ ಬಾತಿನಾ ಕರಾವಳಿಗೇ ನುಗ್ಗಿತು. ಎರಡು ದಾಖಲೆ ಇಟ್ಟುಕೊಂಡು ಸರಾಸರಿ ಹೇಳಲಾಗದು. ಅದಕ್ಕೇ ಸಾವಿರಾರು ವರ್ಷಗಳ ಕೆಸರಿನ ಲೆಕ್ಕ ಬೇಕಾಗುವುದು. ಈಗ ಸಮುದ್ರಮಟ್ಟವೂ ಏರುತ್ತಿದೆ. 1900ರಿಂದ ಈಚೆಗೆ ಜಗತ್ತಿನ ಸರಾಸರಿ ಏರಿಕೆ ಸುಮಾರು 20 ಸೆಂಟಿಮೀಟರ್. ಅಷ್ಟೇ ಜೋರಿನ ಗಾಳಿ ಬಂದರೂ ಅಲೆ ಅಷ್ಟು ಮೇಲಿನಿಂದ ಹೊರಡುತ್ತದೆ.

ಸಂಘದ ಗೆಳೆಯರ ಒಪ್ಪಿಗೆ ಪಡೆದು ಒಂದು ನೋಟ್‌ಬುಕ್ ತಂದಿದ್ದೇನೆ. ಗೋನು, ಫೆಟ್, ಶಾಹೀನ್ ಬಂದಾಗ ಇಲ್ಲಿದ್ದವರು ಊಟದ ಹೊತ್ತಿಗೆ ಬಲಗಡೆಯ ಮೇಜಿನ ಹತ್ತಿರ ಸಿಗಿ. ಯಾವ ಬೀದಿ, ಯಾವ ಕಟ್ಟಡ, ನೀರು ಗೋಡೆಯ ಮೇಲೆ ಎಷ್ಟು ಎತ್ತರ, ಕಡಲಿನಿಂದ ಬಂತೋ ವಾದಿಯಿಂದಲೋ, ಇಷ್ಟು ಹೇಳಿದರೆ ಸಾಕು. ಬರೆದುಕೊಳ್ಳುತ್ತೇನೆ.